ಸಹೋದ್ಯೋಗಿಯ ಕೆಲಸವೂ ನನ್ನ ತಲೆಗೇ ಬರುತ್ತಿದೆ. ಸಂಬಂಧ ಕೆಡದ ಹಾಗೆ ದೂರು ಹೇಳುವುದು ಹೇಗೆ?

ಸಹೋದ್ಯೋಗಿ ಅರ್ಧ ಕೆಲಸ ಮಾಡಿ ನಿಮ್ಮ ಕಡೆ ತಳ್ಳುತ್ತಾರೆ, ಮ್ಯಾನೇಜರ್ ‘ಹೊಂದಿಕೊಂಡು ಹೋಗಿ’ ಅನ್ನುತ್ತಾರೆ, ಎದುರು ನಿಂತು ಮಾತಾಡುವ ಧೈರ್ಯ ಬರುತ್ತಿಲ್ಲ ಅಂದಿದ್ದೀರಿ. ನನ್ನದೂ ಇದೇ ಕಥೆ. ಆದರೆ ನಿಮಗೆ ಕಮ್ಮಿ ಇರುವುದು ಧೈರ್ಯ ಅಂತ ನನಗೆ ಅನಿಸುವುದಿಲ್ಲ. ನನಗೆ ಧೈರ್ಯ ಬೇಕಾದಷ್ಟಿತ್ತು. ಮಾತೂ ಆಡಿದೆ. ಅದರಿಂದ ಕೆಟ್ಟದ್ದೇ ಆಯಿತು.

ನಾನು ಲೆಕ್ಕಪತ್ರ ವಿಭಾಗದಲ್ಲಿದ್ದೆ. ಸಹೋದ್ಯೋಗಿ ಬಿಲ್‌ಗಳನ್ನು ಎಂಟ್ರಿ ಮಾಡಿ ಶೀಟ್ ಕಳಿಸಬೇಕು, ನಾನು ಅದನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ ತಿಂಗಳ ಲೆಕ್ಕ ಮುಗಿಸಬೇಕು. ಶೀಟ್ ಬರುತ್ತಿದ್ದದ್ದೇ ಕೊನೆ ಗಳಿಗೆಯಲ್ಲಿ. ಬಂದರೂ ಒಂದೇ ಬಿಲ್ ಎರಡು ಸಲ ಇರುತ್ತಿತ್ತು, ದಿನಾಂಕ ತಪ್ಪಿರುತ್ತಿತ್ತು, ಕೆಲವು ಬಿಲ್ ಇರುತ್ತಲೇ ಇರಲಿಲ್ಲ. ನಾನು ರಾತ್ರಿ ಕೂತು ಅದೇ ಶೀಟ್‌ನಲ್ಲಿ ಎಲ್ಲ ಸರಿ ಮಾಡಿ, ಸೇವ್ ಮಾಡಿ, ಮುಂದಿನ ಕೆಲಸಕ್ಕೆ ಹೋಗುತ್ತಿದ್ದೆ.

ನನಗೆ ದುಬಾರಿಯಾದ ತಪ್ಪು ಇದೇ. ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ‘ಕೊನೆಗೆ ನಾನೇ ಮಾಡಿ ಮುಗಿಸುತ್ತೇನೆ’ ಅಂತ ಒಂದು ಸಾಲಿದೆ. ಅದನ್ನು ಬರೆದು ನೀವು ಹಾಗೇ ಮುಂದೆ ಹೋಗಿದ್ದೀರಿ. ಅವರ ಶೀಟ್‌ನಲ್ಲೇ ನಾನು ತಿದ್ದಿದ್ದರಿಂದ ತಪ್ಪಿನ ಗುರುತೇ ಉಳಿಯಲಿಲ್ಲ. ಮೊದಲು ಬಂದ ಪ್ರತಿ ಇಟ್ಟುಕೊಂಡಿರಲಿಲ್ಲ. ಏನೇನು ಬದಲಿಸಿದೆ ಅಂತ ಯಾರಿಗೂ ಮೇಲ್ ಹಾಕಿರಲಿಲ್ಲ. ಲೆಕ್ಕ ತಡವಾಗಲೂ ಇಲ್ಲ, ಏಕೆಂದರೆ ಕಮ್ಮಿ ಬಿದ್ದ ಗಂಟೆಗಳನ್ನು ನನ್ನ ನಿದ್ದೆಯಿಂದ ತೆಗೆದು ಕೊಡುತ್ತಿದ್ದೆ. ಫೈಲ್ ತೆರೆದವರಿಗೆ ಅವರ ಶೀಟೂ ಸರಿ, ನನ್ನ ಲೆಕ್ಕವೂ ಸರಿ. ಮಾಡು ಸೋರುವ ಕಡೆ ಪಾತ್ರೆ ಇಟ್ಟು, ಮನೆಯವರು ಏಳುವ ಮೊದಲೇ ನೀರು ಚೆಲ್ಲಿ ನೆಲ ಒರೆಸಿಟ್ಟರೆ, ಸೋರುತ್ತಿದೆ ಅಂದಾಗ ಯಾರು ನಂಬುತ್ತಾರೆ?

ಒಂದು ದಿನ ಎಲ್ಲರೂ ಇದ್ದ ಮೀಟಿಂಗ್‌ನಲ್ಲಿ ಸಿಟ್ಟು ತಡೆಯಲಾಗಲಿಲ್ಲ. ‘ಇಬ್ಬರ ಕೆಲಸ ನಾನೊಬ್ಬಳೇ ಮಾಡ್ತಿದ್ದೀನಿ ಸರ್’ ಅಂದೆ. ಮ್ಯಾನೇಜರ್ ದನಿ ಏರಿಸಲಿಲ್ಲ. ‘ಪ್ರತಿ ತಿಂಗಳೂ ಹೇಳಿದ ದಿನಕ್ಕೆ ಮುಗಿದಿದೆಯಲ್ಲ, ತೊಂದರೆ ಎಲ್ಲಿದೆ ತೋರಿಸಿ’ ಅಂದರು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ವರ್ಷದ ಅಪ್ರೈಸಲ್‌ನಲ್ಲಿ ‘ತಂಡದ ಜೊತೆ ಹೊಂದಾಣಿಕೆ ಕಡಿಮೆ’ ಅಂತ ಬಂತು. ಬಡ್ತಿ ಸಹೋದ್ಯೋಗಿಗೆ ಸಿಕ್ಕಿತು. ಮ್ಯಾನೇಜರ್ ಮೇಲೆ ತುಂಬಾ ದಿನ ಕೋಪ ಇತ್ತು. ಆದರೆ ಅವರ ಮುಂದಿದ್ದ ಫೈಲ್‌ಗಳನ್ನು ನೋಡಿದ್ದರೆ ಯಾರಾದರೂ ಅದನ್ನೇ ಬರೆಯುತ್ತಿದ್ದರು.

ಹಾಗಾಗಿ ‘ಸಂಬಂಧ ಕೆಡದ ಹಾಗೆ ಹೇಗೆ’ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆ ಸಹೋದ್ಯೋಗಿಯನ್ನು ಕಂಡರೆ ಮೈ ಉರಿಯುತ್ತದೆ ಅಂತ ನೀವೇ ಬರೆದಿದ್ದೀರಿ. ಸಂಬಂಧ ಆಗಲೇ ಕೆಟ್ಟಿದೆ, ಅವರಿಗೆ ಗೊತ್ತಿಲ್ಲ ಅಷ್ಟೇ. ದೂರಿನ ಮಾತು ಆಮೇಲೆ. ಮೊದಲು ಅವರ ಕೆಲಸ ತಿದ್ದುವುದನ್ನು ನಿಲ್ಲಿಸಿ.

ಅಪ್ರೈಸಲ್ ಆದ ಮೇಲೆ ನಾನು ಮಾಡಿದ್ದು ಅದನ್ನೇ. ಮೊದಲು ಅವರಿಗೇ ಹೇಳಿದೆ: ‘ಇನ್ನು ಮೇಲೆ ನಿಮ್ಮ ಶೀಟ್ ನಾನು ತಿದ್ದಲ್ಲ. ತಪ್ಪಿದ್ದರೆ ಗುರುತು ಹಾಕಿ ವಾಪಸ್ ಕಳಿಸ್ತೀನಿ.’ ಹೇಳದೆ ಏಕಾಏಕಿ ಕೈಬಿಟ್ಟರೆ ಅದು ಸೇಡು ಆಗುತ್ತದೆ, ಹಾಗೆ ಮಾಡಬೇಡಿ. ಶೀಟ್ ಬಂತು, ಎಂದಿನಂತೆ ತಪ್ಪುಗಳಿದ್ದವು. ಮ್ಯಾನೇಜರ್‌ಗೆ ಸಿಸಿ ಹಾಕಿ ಬರೆದೆ: ‘ಈ ಬಿಲ್‌ಗಳು ಎರಡು ಸಲ ಎಂಟ್ರಿ ಆಗಿವೆ, ಈ ಬಿಲ್‌ಗಳು ಬಂದಿಲ್ಲ. ನಾಳೆ ಮಧ್ಯಾಹ್ನದೊಳಗೆ ಸರಿಯಾದ ಶೀಟ್ ಸಿಕ್ಕರೆ ಲೆಕ್ಕ ಸಮಯಕ್ಕೆ ಮುಗಿಯುತ್ತದೆ. ತಡವಾದರೆ ಇದೂ ತಡವಾಗುತ್ತದೆ.’ ‘ಯಾವಾಗಲೂ ಹೀಗೇ’, ‘ಬೇಜವಾಬ್ದಾರಿ’ ಅಂತೆಲ್ಲ ಮೊದಲು ಬರೆದಿದ್ದೆ. ಕಳಿಸುವ ಮುಂಚೆ ಅಳಿಸಿದೆ. ನೀವೂ ಅಳಿಸಿ. ಆ ಪದಗಳಿದ್ದರೆ ಮಾತು ಬಿಲ್ ಬಿಟ್ಟು ನಿಮ್ಮ ಸ್ವಭಾವದ ಕಡೆ ತಿರುಗುತ್ತದೆ.

ಆ ತಿಂಗಳ ಲೆಕ್ಕ ತಡವಾಯಿತು. ಮ್ಯಾನೇಜರ್ ಇಬ್ಬರನ್ನೂ ಕರೆದರು. ಆಗ ಗೊತ್ತಾಯಿತು, ಕೆಲಸ ಬಿಟ್ಟು ಹೋದ ಇನ್ನೊಬ್ಬರ ಫೈಲ್‌ಗಳನ್ನೂ ಈ ಸಹೋದ್ಯೋಗಿಯ ತಲೆಗೇ ಕಟ್ಟಿದ್ದರು. ಹೇಗೂ ಕೆಲಸ ನಡೆಯುತ್ತಿದೆಯಲ್ಲ ಅಂತ ಖಾಲಿ ಜಾಗ ತುಂಬಿರಲಿಲ್ಲ. ನಡೆಯುತ್ತಿದ್ದದ್ದು ನನ್ನ ರಾತ್ರಿಗಳಿಂದ. ನಾನೋ ಅವರನ್ನು ಸೋಮಾರಿ ಅಂತ ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ಬಂದಿದ್ದೆ. ಕೆಲವು ತಿಂಗಳ ಮೇಲೆ ಆ ಜಾಗಕ್ಕೆ ಹೊಸಬರು ಬಂದರು. ಸಹೋದ್ಯೋಗಿ ಸ್ವಲ್ಪ ಕಾಲ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಮಾತು ಶುರುವಾಯಿತು. ಸ್ನೇಹ ಅಂತೇನೂ ಆಗಲಿಲ್ಲ, ಕೆಲಸಕ್ಕೆ ಅಷ್ಟು ಸಾಕು.

ರಾತ್ರಿ ಕೂತು ಮುಗಿಸಿಕೊಡುವುದು ಒಳ್ಳೆಯತನ ಅಂತ ನಿಮಗಿನ್ನೂ ಅನಿಸುತ್ತಿದ್ದರೆ ಇದನ್ನು ಓದಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ. 35ರಷ್ಟು ಹೆಚ್ಚು ಅಂತ ಅದರಲ್ಲಿದೆ. ಬೇರೆಯವರ ಶೀಟ್‌ಗಾಗಿ ನಾವು ಕೊಡುತ್ತಿರುವುದು ಬರೀ ನಿದ್ದೆ ಅಲ್ಲ. ಮ್ಯಾನೇಜರೇ ಹೊಸ ಕೆಲಸ ತಂದು ಸುರಿದರೆ, ‘ತಗೊಳ್ತೀನಿ ಸರ್, ಕೈಯಲ್ಲಿರೋದರಲ್ಲಿ ಯಾವುದನ್ನು ಮುಂದಕ್ಕೆ ಹಾಕಲಿ?’ ಅಂತ ಕೇಳಿ. ಉತ್ತರವನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ.

ಇದೆಲ್ಲ ಕೆಲಸದ ಹಂಚಿಕೆಯ ತಕರಾರಿಗೆ ಮಾತ್ರ. ಬೈಗುಳ, ಬೆದರಿಕೆ, ಅಸಭ್ಯ ಮಾತು, ಮೈ ಮುಟ್ಟುವುದು ಇದ್ದರೆ ಇಷ್ಟು ತಾಳ್ಮೆ ಬೇಡ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2019ರ 190ನೇ ಒಪ್ಪಂದದ ಪ್ರಕಾರ ಒಂದೇ ಸಲ ನಡೆದರೂ ಅದು ಕಿರುಕುಳವೇ. ‘ಇನ್ನೊಂದು ಸಲ ಆಗಲಿ ನೋಡೋಣ’ ಅಂತ ಸುಮ್ನೆ ಕಾಯಬೇಡಿ. ದಿನಾಂಕ, ಹೊತ್ತು, ಆಡಿದ ಮಾತು, ಅಲ್ಲಿದ್ದವರ ಹೆಸರು ಅವತ್ತೇ ಬರೆದಿಟ್ಟು, ಬರಹದಲ್ಲೇ ದೂರು ಕೊಡಿ.

ನಿಮ್ಮದು ಅಂಥದ್ದಲ್ಲ, ಬರೀ ಅರೆಬರೆ ಕೆಲಸದ ತೊಂದರೆಯಾದರೆ, ನಾಳೆಯೇ ಅವರ ಹತ್ತಿರ ಮಾತಾಡಿ. ಅವರಿಂದ ಮುಂದೆ ಯಾವ ಫೈಲ್ ಬಂದರೂ ತೆರೆಯುವ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.