ಮುರಕಲ್ಲಿಗೆ ಸಿಮೆಂಟ್ ಬೇಡ

ಪ್ರಶ್ನೆ: ಕುಂಬಳೆ ಬಳಿಯ ನಮ್ಮ ಹಳೆಯ ಗುಡಿಯ ಮುರಕಲ್ಲಿನ (ಕರಾವಳಿಯ ತೂತುತೂತಾದ ಕೆಂಪು ಕಲ್ಲು, ಲ್ಯಾಟರೈಟ್) ಗೋಡೆಯ ಸಂದುಗಳಿಗೆ ಸಿಮೆಂಟ್ ತುಂಬಿಸಿದ್ದೆವು. ಈಗ ಸಿಮೆಂಟ್ ಗಟ್ಟಿಯಾಗಿದೆ, ಕಲ್ಲೇ ಪುಡಿಯಾಗಿ ಉದುರುತ್ತಿದೆ. ಏನು ಮಾಡಬೇಕು?

ಉತ್ತರ: ಮಳೆಗಾಲದಲ್ಲಿ ಮುರಕಲ್ಲು ಕುಡಿದ ನೀರು ಸಂದಿನ ಸುಣ್ಣದ ಗಾರೆಯಿಂದ ಆರಬೇಕು. ಸಿಮೆಂಟ್ ಆ ದಾರಿ ಮುಚ್ಚಿದ್ದರಿಂದ ನೀರು ಕಲ್ಲಿನ ಮೈಯಿಂದಲೇ ಹೊರಬರುತ್ತದೆ. ಒಣಗುವಾಗ ಆ ನೀರಿನಲ್ಲಿ ಕರಗಿದ್ದ ಉಪ್ಪು ಹರಳುಗಟ್ಟಿ ಕಲ್ಲನ್ನು ಒಡೆಯುತ್ತದೆ.

ಸಣ್ಣ ಉಳಿಯಿಂದ ಕೈಯಲ್ಲೇ ಸಿಮೆಂಟ್ ಬಿಡಿಸಿ. ಗ್ರೈಂಡರ್ ಖಂಡಿತ ಬೇಡ, ಕಲ್ಲಿನ ಅಂಚು ಹೋದರೆ ಮರಳಿ ಬಾರದು. ಸಂದಿನ ಅಗಲದ ಎರಡರಷ್ಟು ಆಳ ತೆಗೆದು, ನೀರು ಚಿಮುಕಿಸಿ, 1 ಪಾಲು ಹಳತಾದ ಸುಣ್ಣದ ಮುದ್ದೆಗೆ 3 ಪಾಲು ತೊಳೆದ ಹೊಳೆಮರಳು ಕಲಸಿ ಒತ್ತಿ ತುಂಬಿ. ಕಡಲ ಮರಳಿನಲ್ಲಿ ಉಪ್ಪಿದೆ, ಬೇಡ. ವಾರವಿಡೀ ಒದ್ದೆ ಗೋಣಿ ಹೊದಿಸಿಡಿ. ಬೇಗ ಒಣಗಿದ ಗಾರೆ ಬಿರಿಯುತ್ತದೆ.

ಬೇಕಲ ಕೋಟೆಯಂತೆ ಗುಡಿಯೂ ಸಂರಕ್ಷಿತ ಪಟ್ಟಿಯಲ್ಲಿದ್ದರೆ, ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಉಳಿ ತಾಗಿಸಬೇಡಿ.