ಅಲ್ಲಿ ವಾಟ್ಸಾಪ್ ಬಂದ್, ಇಲ್ಲಿ ವಿಚಾಟ್ ಬಂದ್!

ಪ್ರಶ್ನೆ: ಮಗ ಮೆಡಿಕಲ್ ಓದ್ಲಿಕ್ಕೆ ಚೀನಾಕ್ಕೆ ಹೋಗಿದ್ದಾನೆ, ವಾಟ್ಸಾಪಲ್ಲಿ ಮೆಸೇಜ್ ಹಾಕಿದ್ರೆ ಒಂದೇ ಟಿಕ್. ದುಬೈಯಲ್ಲಿರುವ ತಮ್ಮನಿಗೆ ಮೆಸೇಜ್ ಹೋಗ್ತದೆ, ಕಾಲ್ ಮಾತ್ರ ಆಗುದಿಲ್ಲ. ಎರಡೂ ಕಡೆ ಒಂದೇ ಕತೆಯಾ? ತಡೆ ದಾಟಿಸುವ ವಿಪಿಎನ್ ಆ್ಯಪ್ ಹಾಕಿದ್ರೆ ಸರಿಯಾಗ್ತದಾ?
– ಓದುಗರು, ಬ್ರಹ್ಮಾವರ

ಉತ್ತರ: ಒಂದೇ ಅಲ್ಲ ಮಾರಾಯ್ರೆ. ದುಬೈಯಲ್ಲಿ ಇಂಟರ್ನೆಟ್ ಕಾಲಿಗೆ ಲೈಸೆನ್ಸ್ ಬೇಕು, ಅನುಮತಿ ಇರುವ ಬೋಟಿಮ್‌ನಂಥ ಆ್ಯಪಲ್ಲಿ ಮಾತಾಡ್ಬಹುದು, ಗಲ್ಫಿನವರ ಮನೆಯ ಅಜ್ಜಿಯಂದಿರಿಗೂ ಅದು ಗೊತ್ತುಂಟು. ಚೀನಾದ್ದು ಬೇರೆಯೇ. ಫೇಸ್‌ಬುಕ್ 2009ರಿಂದ ಇಲ್ಲ, 2017ರಲ್ಲಿ ವಾಟ್ಸಾಪೂ ಹೋಯ್ತು, ಅಲ್ಲಿ ಎಲ್ರದ್ದೂ ವಾಟ್ಸಾಪಿನಂಥದ್ದೇ ಚೀನಾದ ಆ್ಯಪ್ ವಿಚಾಟ್. ಆದ್ರೆ ಆ ವಿಚಾಟನ್ನು ನಮ್ಮ ಸರ್ಕಾರ 2020ರ ಜೂನಲ್ಲಿ ಟಿಕ್‌ಟಾಕ್ ಸೇರಿ 59 ಆ್ಯಪ್ ಬ್ಯಾನ್ ಮಾಡುವಾಗ ಬ್ಯಾನ್ ಮಾಡಿ ಆಗಿದೆ, ಹಾಗಾಗಿ ನಿಮಗೂ ಮಗನಿಗೂ ಮಧ್ಯೆ ಎರಡು ಗೋಡೆ!

ಮಗನ ಇಂಡಿಯಾದ ಸಿಮ್ಮಿಗೆ ರೋಮಿಂಗ್ ಹಾಕಿಸಿ. ಆ ಡೇಟಾ ನಮ್ಮ ಕಂಪನಿಯ ನೆಟ್‌ವರ್ಕಿಗೆ ಬಂದೇ ಹೊರಗೆ ಹೋಗುದು, ಅಲ್ಲಿನ ಫಿಲ್ಟರಿಗೆ ಸಿಕ್ಕುದಿಲ್ಲ, ವಾಟ್ಸಾಪ್ ನಡೀತದೆ. ದುಡ್ಡು ಮಾತ್ರ ಜಾಸ್ತಿ. ವಿಪಿಎನ್ ಹಾಕಿ ಅಂತ ನಾನಂತೂ ಹೇಳುದಿಲ್ಲ, ಪರ್ಮಿಷನ್ ಇಲ್ಲದ್ದು ಅಲ್ಲಿ ಕಾನೂನಿಗೆ ವಿರುದ್ಧ. ತಮ್ಮನಿಗೂ ಹೇಳಿ, ವಿಪಿಎನ್ ಹಿಂದೆ ಅಡಗಿ ತಪ್ಪು ಮಾಡಿದ್ರೆ ಅಲ್ಲಿನ ಕಾನೂನಲ್ಲಿ ದಂಡವೇ 5ರಿಂದ 20 ಲಕ್ಷ ದಿರ್ಹಮ್!

ಇನ್ನೊಂದು, ಮಗ ಡಾಕ್ಟರ್ ಆಗುವವ ಅಂತ ಹೇಳುದು. ವುಹಾನಿನ ಕಣ್ಣಿನ ಡಾಕ್ಟರ್ ಲಿ ವೆನ್‌ಲಿಯಾಂಗ್ 2019ರ ಡಿಸೆಂಬರ್ 30ಕ್ಕೆ ಕ್ಲಾಸ್‌ಮೇಟುಗಳ ವಿಚಾಟ್ ಗ್ರೂಪಲ್ಲಿ ಸಾರ್ಸ್ ಥರದ ಶ್ವಾಸಕೋಶದ ಕಾಯಿಲೆ ಬಂದಿದೆ ಜಾಗ್ರತೆ ಅಂತ ಬರೆದ್ರು ಅಷ್ಟೆ, ಪೊಲೀಸರು ಕರೆಸಿ ಸುಳ್ಳು ಹಬ್ಬಿಸಿದ್ದೀರಿ ಅಂತ ಕಾಗದ ಕೊಟ್ರು. ಇದನ್ನು ನಿಲ್ಲಿಸ್ತೀರಾ, ಅರ್ಥ ಆಯ್ತಾ ಅಂತ ಅದ್ರಲ್ಲಿ ಪ್ರಶ್ನೆ, ಕೆಳಗೆ ಅವರದ್ದೇ ಕೈಬರಹದಲ್ಲಿ ‘ಆಗ್ತದೆ’, ‘ಅರ್ಥ ಆಯ್ತು’, ಮೇಲಿಂದ ಕೆಂಪು ಹೆಬ್ಬೆಟ್ಟು. ಫೆಬ್ರವರಿ 7ಕ್ಕೆ ಕೋವಿಡಿಂದಲೇ ತೀರಿಕೊಂಡ್ರು. ಪೊಲೀಸರು ಆ ಕಾಗದ ವಾಪಸ್ ತಗೊಂಡದ್ದು ಮಾರ್ಚಲ್ಲಿ. ವಿಚಾಟ್ ಗ್ರೂಪಲ್ಲಿ ಬರೆಯುವಾಗ ಮೂರನೆಯವರೂ ಓದ್ತಾರೆ ಅಂತ ಮಗನಿಗೆ ಈಗಲೇ ಹೇಳಿಡಿ.

ಪ್ರಶ್ನೆ: ನಮ್ಮಲ್ಲಿ ಹಾಗೆಲ್ಲ ಇಲ್ಲ ಅಲ್ವಾ?
– ಓದುಗರು, ಸುರತ್ಕಲ್

ಉತ್ತರ: ನೀವು ಮಂಗಳೂರಿನವರಾಗಿ ಕೇಳುದಾ! 2019ರ ಡಿಸೆಂಬರ್ 19ಕ್ಕೆ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಯಲ್ಲಿ ಗೋಲಿಬಾರ್ ಆದ ರಾತ್ರಿಯಿಂದ 48 ಗಂಟೆ ನೆಟ್ ಇರ್ಲಿಲ್ಲ, ಮರ್ತೇ ಹೋಯ್ತಾ? ತುರ್ತುಪರಿಸ್ಥಿತಿ ಕಂಡವರನ್ನು ಕೇಳಿದ್ರೆ 1975ರಲ್ಲಿ ಪೇಪರಿನ ಸುದ್ದಿ ಅಧಿಕಾರಿ ನೋಡಿಯೇ ಪ್ರಿಂಟಾಗ್ತಿದ್ದದ್ದು ಹೇಳ್ತಾರೆ. ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುದೂ ಸುಳ್ಳು. ನೆಟ್ ಬಂದ್ ಮಾಡುವ ಆದೇಶ ಪ್ರಕಟಿಸ್ಬೇಕು, ಅವಧಿ ಇಲ್ಲದೆ ಬಂದ್ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಜನವರಿ 10ಕ್ಕೆ ಹೇಳಿದೆ. ಮುಂದಿನ ಸಲ ನೆಟ್ ಹೋದ್ರೆ ಮೊದ್ಲು ಆ ಆದೇಶದ ಕಾಪಿ ಕೇಳಿ.