ವೃತ್ತಿ ಪರೀಕ್ಷೆಯ ಕೋಚಿಂಗ್ ಖರ್ಚು: ಯಾರಿಗೆ ತೆರಿಗೆ ಕಡಿತ, ಯಾರಿಗಿಲ್ಲ?

ಈ ಉತ್ತರಗಳಲ್ಲಿರುವ ಸೆಕ್ಷನ್ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2025-26ನೇ ಹಣಕಾಸು ವರ್ಷದ ರಿಟರ್ನ್ಸ್‌ಗೂ ಅದೇ ಕಾಯ್ದೆ ಅನ್ವಯಿಸುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಯಾಗುವ 2025ರ ಹೊಸ ಕಾಯ್ದೆಯಲ್ಲಿ ಈ ಸಂಖ್ಯೆಗಳು ಬದಲಾಗಿವೆ.

ಪ್ರಶ್ನೆ: ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಕೆಲಸ ಮಾಡುತ್ತಲೇ ಸಿಎ ಫೈನಲ್‌ಗೆ ಓದುತ್ತಿದ್ದೇನೆ. ಕೋಚಿಂಗ್, ಟೆಸ್ಟ್ ಸೀರೀಸ್, ಪುಸ್ತಕ, ಪರೀಕ್ಷಾ ಶುಲ್ಕ ಸೇರಿ ಈ ವರ್ಷ 80,000 ರೂಪಾಯಿ ಖರ್ಚಾಗಿದೆ. ಇದನ್ನು 80ಸಿ ಅಡಿ ಟ್ಯೂಷನ್ ಫೀ ಎಂದು ತೋರಿಸಬಹುದು ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಸರಿಯೇ?

ಉತ್ತರ: ಸರಿಯಲ್ಲ, ದಯವಿಟ್ಟು ಹಾಗೆ ಮಾಡಬೇಡಿ. 80ಸಿ ಅಡಿ ಬರುವ ಟ್ಯೂಷನ್ ಶುಲ್ಕ ಮಕ್ಕಳದು ಮಾತ್ರ. ಅದೂ ಗರಿಷ್ಠ ಇಬ್ಬರು ಮಕ್ಕಳು, ಭಾರತದಲ್ಲಿರುವ ಶಾಲೆ, ಕಾಲೇಜು ಅಥವಾ ವಿಶ್ವವಿದ್ಯಾಲಯದಲ್ಲಿ ಪೂರ್ಣಾವಧಿಯ ಶಿಕ್ಷಣ ಪಡೆಯುತ್ತಿರಬೇಕು. ಸ್ವಂತ ಓದಿಗೆ ಕಟ್ಟಿದ ಹಣ, ಹೆಂಡತಿ ಅಥವಾ ಗಂಡನ ಓದಿಗೆ ಕಟ್ಟಿದ ಹಣ ಇದರಡಿ ಬರುವುದೇ ಇಲ್ಲ.

ಓದುತ್ತಿರುವುದು ನಿಮ್ಮ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ್ದು ನಿಜ. ಆದರೆ ಸಂಬಳದ ಆದಾಯಕ್ಕೆ ಆ ವಾದ ಉಪಯೋಗಕ್ಕೆ ಬರುವುದಿಲ್ಲ. ಸಂಬಳದಿಂದ ಏನೇನು ಕಳೆಯಬಹುದು ಎಂಬುದನ್ನು ಸೆಕ್ಷನ್ 16 ಎಣಿಸಿ ಹೇಳಿದೆ: ಸ್ಟ್ಯಾಂಡರ್ಡ್ ಡಿಡಕ್ಷನ್, ಹಳೆಯ ತೆರಿಗೆ ಪದ್ಧತಿಯಲ್ಲಾದರೆ ವೃತ್ತಿ ತೆರಿಗೆ ಮತ್ತು ಸರ್ಕಾರಿ ನೌಕರರ ಮನರಂಜನಾ ಭತ್ಯೆ. ಪಟ್ಟಿ ಅಲ್ಲಿಗೆ ಮುಗಿಯಿತು. ನೌಕರ ಕೈಯಿಂದ ಹಾಕುವ ಎಲ್ಲ ಖರ್ಚಿಗೂ ಸೇರಿಸಿಯೇ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಡಲಾಗಿದೆ. ಹೊಸ ಪದ್ಧತಿಯಲ್ಲಿ ಅದು 75,000 ರೂಪಾಯಿ, ಹಳೆಯದರಲ್ಲಿ 50,000. ಬಿಲ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನೌಕರರಿಗೆ ಇದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ರಿಟರ್ನ್ಸ್ ತುಂಬಬೇಕಾದದ್ದು ಇರುವ ಕಾನೂನಿನ ಪ್ರಕಾರ.

ಸುಳ್ಳು ಕ್ಲೇಮ್ ಎಷ್ಟು ದುಬಾರಿ ಎಂದು ಲೆಕ್ಕ ಹಾಕಿ ನೋಡಿ. ನೀವು ಹಳೆಯ ಪದ್ಧತಿಯ ಶೇ 20ರ ಸ್ತರದಲ್ಲಿದ್ದರೆ 80,000ಕ್ಕೆ ಉಳಿಯುವ ತೆರಿಗೆ 16,000, ಶೇ 4ರ ಸೆಸ್ ಸೇರಿ 16,640. ಇಲಾಖೆ ಇದನ್ನು ತಪ್ಪು ಮಾಹಿತಿ ಎಂದು ಪರಿಗಣಿಸಿದರೆ ಸೆಕ್ಷನ್ 270ಎ ಪ್ರಕಾರ ದಂಡ ತೆರಿಗೆಯ ಶೇ 200, ಅಂದರೆ 33,280. ಉಳಿಸಿದ ತೆರಿಗೆ ಮತ್ತು ಅದರ ಬಡ್ಡಿಯನ್ನು ಬೇರೆ ಕಟ್ಟಬೇಕು.

ನಿಮಗಿರುವ ನಿಜವಾದ ದಾರಿ ಕಂಪನಿಯ ಮೂಲಕ. ಅಲ್ಲಿಯೂ ಒಂದು ಸೂಕ್ಷ್ಮವಿದೆ. ನಿಮ್ಮ ಹೆಸರಿನ ಬಿಲ್ಲನ್ನು ನೀವು ಕಟ್ಟಿ, ಆಮೇಲೆ ಕಂಪನಿಯಿಂದ ಹಣ ಪಡೆದರೆ, ನಿಮ್ಮ ಹೊಣೆಯನ್ನು ಕಂಪನಿ ತೀರಿಸಿದಂತಾಗುತ್ತದೆ. ಸೆಕ್ಷನ್ 17(2) ಪ್ರಕಾರ ಆ ಮೊತ್ತ ಪರ್ಕ್ವಿಸಿಟ್ (ಸಂಬಳದ ಜೊತೆಗೆ ಸಿಗುವ ಸೌಲಭ್ಯ) ಆಗಿ ಫಾರ್ಮ್ 16ರಲ್ಲಿ ಸಂಬಳಕ್ಕೆ ಸೇರುವ ಸಂಭವವೇ ಹೆಚ್ಚು. ಅದರ ಬದಲು ಕಂಪನಿ ತನ್ನ ಕೆಲಸಕ್ಕೆ ಬೇಕಾದ ತರಬೇತಿ ಎಂದು ಲಿಖಿತ ನೀತಿಯಡಿ ನಿಮ್ಮನ್ನು ಕಳುಹಿಸಿ, ಇನ್‌ವಾಯ್ಸ್ ಕಂಪನಿಯ ಹೆಸರಿಗೇ ಬಂದು, ಹಣವೂ ಕಂಪನಿಯ ಖಾತೆಯಿಂದಲೇ ಹೋದರೆ ಅದು ಕಂಪನಿಯ ತರಬೇತಿ ವೆಚ್ಚ. ಆದ್ದರಿಂದ ಫೀಸು ಕಟ್ಟುವ ಮೊದಲೇ ಎಚ್‌ಆರ್ ಜೊತೆ ಮಾತನಾಡಿ. ಕಟ್ಟಿದ ಮೇಲೆ ಬಿಲ್ಲಿನ ಹೆಸರು ಬದಲಿಸಿಕೊಡಿ ಎಂದು ಕೋಚಿಂಗ್ ಸಂಸ್ಥೆಯನ್ನು ಕೇಳುವುದು ತೊಂದರೆಗೆ ದಾರಿ.

ಪ್ರಶ್ನೆ: ಹನ್ನೆರಡು ವರ್ಷಗಳಿಂದ ಸ್ವಂತ ಸಿಎ ಪ್ರಾಕ್ಟೀಸ್ ನಡೆಸುತ್ತಿದ್ದೇನೆ. ವಾರ್ಷಿಕ ರಸೀದಿ 38 ಲಕ್ಷ, ಜಿಎಸ್‌ಟಿ ನೋಂದಣಿ ಇದೆ. ದಿವಾಳಿ ಪ್ರಕ್ರಿಯೆಯ ಕೆಲಸವನ್ನೂ ತೆಗೆದುಕೊಳ್ಳಲು ದಿವಾಳಿ ವೃತ್ತಿಪರರನ್ನು ನಿಯಂತ್ರಿಸುವ ಮಂಡಳಿಯಾದ ಐಬಿಬಿಐಯ ಲಿಮಿಟೆಡ್ ಇನ್‌ಸಾಲ್ವೆನ್ಸಿ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಕೋಚಿಂಗ್‌ಗೆ ಜಿಎಸ್‌ಟಿ ಸೇರಿ 59,000 ಕೊಟ್ಟಿದ್ದೇನೆ, 60,000ಕ್ಕೆ ಲ್ಯಾಪ್‌ಟಾಪ್ ಕೊಂಡಿದ್ದೇನೆ. ಹೊಸ ತೆರಿಗೆ ಪದ್ಧತಿಯಲ್ಲಿದ್ದೇನೆ. ಏನಾದರೂ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ, ಆದರೆ ನೀವು ಆದಾಯವನ್ನು ಯಾವ ವಿಧಾನದಲ್ಲಿ ತೋರಿಸುತ್ತೀರಿ ಎಂಬುದರ ಮೇಲೆ.

ಮೊದಲು ತತ್ವ. ಸೆಕ್ಷನ್ 37(1) ಪ್ರಕಾರ ಖರ್ಚು ಸಂಪೂರ್ಣವಾಗಿ ವೃತ್ತಿಗಾಗಿಯೇ ಆಗಿರಬೇಕು. ವೈಯಕ್ತಿಕವೂ ಆಗಿರಬಾರದು, ಬಂಡವಾಳ ಸ್ವರೂಪದ್ದೂ ಆಗಿರಬಾರದು. ಇಲ್ಲಿ ನೋಡಬೇಕಾದದ್ದು ಪರೀಕ್ಷೆ ಯಾವುದು ಎಂಬುದನ್ನಲ್ಲ, ಹಣ ಕೊಟ್ಟ ದಿನ ನೀವು ಎಲ್ಲಿದ್ದಿರಿ ಎಂಬುದನ್ನು. ವೃತ್ತಿಗೆ ಕಾಲಿಡುವ ಮೊದಲು ಅರ್ಹತೆ ಗಳಿಸಲು ಮಾಡಿದ ಖರ್ಚು ವ್ಯಕ್ತಿಯ ಸ್ವಂತ ಖರ್ಚು. ನಡೆಯುತ್ತಿರುವ ವೃತ್ತಿಯನ್ನು ಊರ್ಜಿತವಾಗಿಡಲು ಅಥವಾ ವಿಸ್ತರಿಸಲು ಮಾಡಿದ್ದು ವೃತ್ತಿಯ ಖರ್ಚು. ನಿಮ್ಮದು ಎರಡನೆಯದು ಎಂದು ಗಟ್ಟಿಯಾಗಿ ಹೇಳಬಹುದು. ಇದು ಬೇರೆಯದೇ ಹೊಸ ವೃತ್ತಿಗೆ ಪ್ರವೇಶ ಎಂದು ಅಧಿಕಾರಿ ಆಕ್ಷೇಪ ಎತ್ತಬಹುದು. ಅದಕ್ಕೆ ಈಗಲೇ ಉತ್ತರ ಸಿದ್ಧವಿರಲಿ. ಸಾಲ ವಸೂಲಿ, ಕಂಪನಿ ಪುನರ್‌ರಚನೆ, ಕ್ಲೇಮ್ ಪರಿಶೀಲನೆಯಂಥ ಕೆಲಸಗಳನ್ನು ಈಗಾಗಲೇ ಮಾಡಿದ್ದರೆ ಆ ಎಂಗೇಜ್‌ಮೆಂಟ್ ಪತ್ರಗಳನ್ನೂ ಫೀ ಬಿಲ್ಲುಗಳನ್ನೂ ಕೋಚಿಂಗ್ ರಸೀದಿಯ ಜೊತೆಗೇ ಇಡಿ. ಪಾಸಾದ ಮೇಲೆ ನೋಂದಣಿಗೆ ಮುನ್ನ ಮಾಡಬೇಕಾದ 50 ಗಂಟೆಗಳ ಕೋರ್ಸಿನ ಶುಲ್ಕಕ್ಕೂ ಇದೇ ವಾದ ನಿಲ್ಲುತ್ತದೆ.

ಹೊಸ ಪದ್ಧತಿಯಲ್ಲಿ ಯಾವ ಕಡಿತವೂ ಇಲ್ಲ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹೋಗಿರುವುದು 80ಸಿ, 80ಡಿ, 80ಇಯಂಥವು. 37(1) ಕಡಿತವು ವೃತ್ತಿಯ ನಿವ್ವಳ ಆದಾಯ ಕಂಡುಹಿಡಿಯುವ ಲೆಕ್ಕದ ಭಾಗ, ಅದು ಎರಡೂ ಪದ್ಧತಿಗಳಲ್ಲಿದೆ.

ಇನ್ನು ನಿಮ್ಮ ಅಂಕಿಗಳು. 59,000ದಲ್ಲಿ 50,000 ಶುಲ್ಕ, 9,000 ಶೇ 18ರ ಜಿಎಸ್‌ಟಿ. ಆ 9,000ವನ್ನು ಇನ್‌ಪುಟ್ ಕ್ರೆಡಿಟ್ ಆಗಿ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯುವ ಮೊತ್ತವಾಗಿ) ತೆಗೆದುಕೊಂಡರೆ ಖರ್ಚಿಗೆ ಬರೆಯಬೇಕಾದದ್ದು 50,000 ಮಾತ್ರ. ಎರಡು ಕಡೆಯೂ ತೆಗೆದುಕೊಳ್ಳುವಂತಿಲ್ಲ. ಕ್ರೆಡಿಟ್ ಬೇಕಾದರೆ ಇನ್‌ವಾಯ್ಸ್‌ನಲ್ಲಿ ನಿಮ್ಮ ಪ್ರಾಕ್ಟೀಸಿನ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಆನ್‌ಲೈನ್ ಕೋಚಿಂಗ್‌ಗೆ ಸೇರುವಾಗ ಬಹಳ ಮಂದಿ ಆ ಕಾಲಂ ಖಾಲಿ ಬಿಟ್ಟು ಮುಂದೆ ಹೋಗುತ್ತಾರೆ. ಒಂದೇ ದಿನ ಒಬ್ಬರಿಗೆ 10,000 ಮೀರಿ ನಗದು ಕೊಟ್ಟರೆ ಸೆಕ್ಷನ್ 40ಎ(3) ಪ್ರಕಾರ ಆ ಖರ್ಚನ್ನು ಒಪ್ಪುವುದಿಲ್ಲ. ಬ್ಯಾಂಕ್ ಅಥವಾ ಯುಪಿಐ ಮೂಲಕ ಕೊಡಿ.

ಲ್ಯಾಪ್‌ಟಾಪ್ ಆಸ್ತಿಯಾದ್ದರಿಂದ ಇಡೀ 60,000 ಒಂದೇ ವರ್ಷ ಹೋಗುವುದಿಲ್ಲ. ಸವಕಳಿ ಶೇ 40, ಅಂದರೆ 24,000. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ, 12,000. ಮನೆಯವರೂ ಬಳಸುತ್ತಿದ್ದರೆ ಆ ಪಾಲನ್ನು ಬಿಡಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನೀವು 44ಎಡಿಎ ಅಡಿ ಅಂದಾಜು ಆದಾಯ ತೋರಿಸುತ್ತಿದ್ದರೆ ಮೇಲಿನ ಯಾವ ಕಡಿತವೂ ಇಲ್ಲ. 38 ಲಕ್ಷದ ಶೇ 50, ಅಂದರೆ 19 ಲಕ್ಷ ಆದಾಯ ಎಂದು ಒಪ್ಪಿದ ಮೇಲೆ ಉಳಿದ 19 ಲಕ್ಷದೊಳಗೆ ಕೋಚಿಂಗ್, ಸವಕಳಿ, ಬಾಡಿಗೆ ಎಲ್ಲ ಸೇರಿಹೋಯಿತು. ನಿಮ್ಮ ನಿಜವಾದ ಒಟ್ಟು ಖರ್ಚು 14-15 ಲಕ್ಷವಾಗಿದ್ದರೆ ಪರೀಕ್ಷೆಯ ಬಿಲ್ಲುಗಳಿಗಾಗಿ 44ಎಡಿಎ ಬಿಡುವುದು ನಷ್ಟದ ಬಾಬತ್ತು, ಅಲ್ಲಿಯೇ ಇರಿ. ಖರ್ಚು 19 ಲಕ್ಷ ಮೀರಿದ್ದರೆ ಮಾತ್ರ ಲೆಕ್ಕಪತ್ರ ಇಟ್ಟು, ಸೆಕ್ಷನ್ 44ಎಬಿ ಆಡಿಟ್ ಮಾಡಿಸಿ ಐಟಿಆರ್-3 ಸಲ್ಲಿಸಿ. ಆಡಿಟ್ ಶುಲ್ಕವನ್ನೂ ಸೇರಿಸಿ ಹೋಲಿಸಿ ನೋಡಿದ ಮೇಲೆ ನಿರ್ಧರಿಸಿ.

ಪ್ರಶ್ನೆ: ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿ ಹಿರಿಯ ವಕೀಲರ ಬಳಿ ಕೆಲಸ ಮಾಡುತ್ತಿದ್ದೇನೆ. ತಿಂಗಳಿಗೆ 25,000 ಕೊಡುತ್ತಾರೆ, ಶೇ 10 ಟಿಡಿಎಸ್ ಹಿಡಿಯುತ್ತಾರೆ. ಅಖಿಲ ಭಾರತ ವಕೀಲರ ಪರೀಕ್ಷೆಯ (ಎಐಬಿಇ) ಶುಲ್ಕ, ಪುಸ್ತಕದ ಖರ್ಚು ಕಳೆಯಬಹುದೇ?

ಉತ್ತರ: ಟಿಡಿಎಸ್ ಯಾವ ಸೆಕ್ಷನ್‌ನಲ್ಲಿ ಹಿಡಿದಿದ್ದಾರೆ ಎಂದು ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ಮೊದಲು ನೋಡಿ. 194ಜೆ (ವೃತ್ತಿ ಶುಲ್ಕದ ಮೇಲಿನ ಟಿಡಿಎಸ್) ಎಂದಿದ್ದರೆ ಅದನ್ನು ವೃತ್ತಿ ಆದಾಯವಾಗಿ ತೋರಿಸಬೇಕು, ಸಂಬಳವಾಗಿ ಅಲ್ಲ. ತಾತ್ಕಾಲಿಕ ನೋಂದಣಿಯ ಮೇಲೆ ಈಗಾಗಲೇ ವಕೀಲಿಕೆ ನಡೆಸುತ್ತಿರುವವರು ಅದನ್ನು ಮುಂದುವರಿಸಲು ಎಐಬಿಇ ಪಾಸಾಗಲೇಬೇಕು. ಹಾಗಾಗಿ ನೋಂದಣಿಯಾದ ಮೇಲೆ ಕಟ್ಟಿದ ಪರೀಕ್ಷಾ ಶುಲ್ಕ 37(1) ಅಡಿ ಬರುತ್ತದೆ ಎಂಬ ವಾದ ಗಟ್ಟಿಯಾಗಿದೆ. ಕೊನೆಯ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ ಕಟ್ಟಿದ್ದರೆ ಆ ವಾದ ನಿಲ್ಲುವುದಿಲ್ಲ. ವಕೀಲರ ಪರಿಷತ್ತಿನ ನೋಂದಣಿ ಶುಲ್ಕವೂ ವೃತ್ತಿ ಆರಂಭಕ್ಕೆ ಮುಂಚಿನದು, ಅದನ್ನು ಸೇರಿಸಬೇಡಿ. ವೃತ್ತಿಯ ಪುಸ್ತಕಗಳಿಗೆ ಸವಕಳಿ ಶೇ 40.

ಆದರೆ ನಿಮ್ಮ ವರ್ಷದ ರಸೀದಿ 3 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ ಹೇಗೂ ತೆರಿಗೆ ಬರುವುದಿಲ್ಲ. 44ಎಡಿಎ ಅಡಿ 1.5 ಲಕ್ಷ ಆದಾಯ ತೋರಿಸಿ ಐಟಿಆರ್-4 ಸಲ್ಲಿಸಿ, ಹಿಡಿದಿರುವ 30,000 ಟಿಡಿಎಸ್ ಪೂರ್ತಿ ವಾಪಸು ಪಡೆಯಿರಿ. ಪರೀಕ್ಷಾ ಶುಲ್ಕದ ಚಿಂತೆಯಲ್ಲಿ ಈ ರೀಫಂಡ್ ಕೈತಪ್ಪಬಾರದು.

ಪ್ರಶ್ನೆ: ಮಗಳ ವೃತ್ತಿಪರ ಕೋರ್ಸಿಗೆ ನಾನೇ ಬ್ಯಾಂಕಿನಿಂದ ಶಿಕ್ಷಣ ಸಾಲ ಪಡೆದಿದ್ದೇನೆ. ಪ್ರವೇಶ ಪರೀಕ್ಷೆಯ ಕೋಚಿಂಗ್‌ಗೆ ತಮ್ಮನಿಂದ ಕೈಸಾಲ ತಂದಿದ್ದೆ. ಬಡ್ಡಿಗೆ ಕಡಿತವಿದೆಯೇ?

ಉತ್ತರ: ಬ್ಯಾಂಕ್ ಸಾಲದ ಬಡ್ಡಿಗೆ ಸೆಕ್ಷನ್ 80ಇ ಅಡಿ ಇದೆ, ಹಳೆಯ ಪದ್ಧತಿಯಲ್ಲಿದ್ದರೆ ಮಾತ್ರ. ಮೊತ್ತಕ್ಕೆ ಮಿತಿಯಿಲ್ಲ. ಬಡ್ಡಿ ಕಟ್ಟಲು ಶುರು ಮಾಡಿದ ವರ್ಷವೂ ಸೇರಿ ಒಟ್ಟು ಎಂಟು ವರ್ಷ ಪಡೆಯಬಹುದು. ಅಸಲಿಗೆ ಕಡಿತವಿಲ್ಲ, ಆದ್ದರಿಂದ ಅಸಲು-ಬಡ್ಡಿ ಬೇರೆ ಬೇರೆ ತೋರಿಸುವ ಪ್ರಮಾಣಪತ್ರವನ್ನು ಪ್ರತಿ ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ ತೆಗೆದುಕೊಳ್ಳಿ. ತಮ್ಮನ ಕೈಸಾಲದ ಬಡ್ಡಿಗೆ ಏನೂ ಸಿಗುವುದಿಲ್ಲ.